ದೊಡ್ಡದೇವರ ನಗರ

ಒಂಬತ್ತನೇ ಕಂತು

"ಇದು ನಮ್ಮತ್ತಿ ದನಿ ಅಲ್ರಿ," ಎಂದಳು ಮಾಯಾ.

ಅನುರಾಧಾ ಸಿ.ಡಿ. ನಿಲ್ಲಿಸಿದಳು. ಕೆಂಗುಂಡಿ ಪಟ್ಟಣ ಪಂಚಾಯಿತಿಯ ದಾಖಲೆ ಕೋಣೆಯಲ್ಲಿ ಫ್ಯಾನಿನ ಕಟಕಟ ಒಂದೇ ಉಳಿಯಿತು. ಮಾಯಾಳ ತೊಡೆಯ ಮೇಲೆ ಮೂರು ತಿಂಗಳ ಕೂಸು ನಿದ್ದೆ ಹೋಗಿತ್ತು.

"ಖರೆ ಹೇಳು. ಇನ್ನೊಮ್ಮೆ ಹಚ್ಚಲೇನು?"

"ಹತ್ತ ಸಲ ಹಚ್ಚರಿ. ಅಲ್ಲ ಅಂದ್ರ ಅಲ್ಲ."

ಆದರೂ ಹಚ್ಚಿದಳು. ಚಿತ್ರವಿಲ್ಲ, ದನಿ ಮಾತ್ರ. ಗೊಗ್ಗರು ದನಿಯ ಹೆಂಗಸು, ಒಂದೊಂದೇ ಮಾತು.

"ನಾ ಬೀರೇಶ್ವರ ನಗರದ ಹದಿನೇಳ ನಂಬರ ಮನಿಯಾಕಿ. ಬೀರಪ್ಪನ ಹೇಂತಿ ಅನಸವ್ವ. ಮನಿ ಗಟ್ಟಿ ಐತಿ. ಛತ್ತಿನ ಮ್ಯಾಲೆ ನಾವ ಕಟಿಗಿ ಹೇರೇವಿ. ಪಂಚಾಯ್ತಿದು ಏನೂ ತಪ್ಪಿಲ್ಲ."

ಅಷ್ಟೇ. ಪ್ರತಿ ಮಾತಿನ ಕೊನೆಗೆ ಉಸಿರು ಚೂರು ಬೇಗ ಮುಗಿದಂತೆ ಕೇಳುತ್ತಿತ್ತು. ಮುದುಕಿ ಅಂಜಿರಬೇಕು ಎಂದುಕೊಂಡು ಅನುರಾಧಾ ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ರೊಟ್ಟಿ ಬಡಿಯುತ್ತ ಕೂತಿದ್ದ ಅನಸವ್ವನ ಮೇಲೆ ಪಂಚಾಯಿತಿ ಕಟ್ಟಿಸಿಕೊಟ್ಟ ಬಾಡಿಗೆ ಮನೆಯ ಛತ್ತು ಕುಸಿದು ಇಪ್ಪತ್ತೆರಡು ದಿನವಾಗಿತ್ತು. ಸಾಯುವ ಎಂಟು ದಿನ ಮೊದಲು ಆಕೆಯೇ ಹೇಳಿದ್ದೆಂದು ಈ ಸಿ.ಡಿ. ಹೊರಬಿದ್ದಿತ್ತು. ವಸತಿ ಮೇಲ್ವಿಚಾರಣಾ ಸಮಿತಿ ಸೋಮವಾರ ಸೇರುವುದಿತ್ತು. ವರದಿ ಬರೆಯಬೇಕಾದವಳು ಪಂಚಾಯಿತಿಯ ಸಮುದಾಯ ಸಂಘಟಕಿ ಅನುರಾಧಾ. ಅನಸವ್ವನ ಸಾವು ಅನಸವ್ವನದೇ ತಪ್ಪು ಎಂದು ಬರೆದುಬಿಟ್ಟರೆ, ಅದೇ ಕೈಗಳು ಅದೇ ಸಿಮೆಂಟಿನಲ್ಲಿ ಎರಕ ಹೊಯ್ದ ಉಳಿದ ನಲವತ್ತೊಂದು ಛತ್ತುಗಳ ಕಡೆ ಇನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ. ಇವತ್ತು ಶುಕ್ರವಾರ.

"ಸಿ.ಡಿ.ಯೊಳಗ ಎಲ್ಲಾರ ದನಿನೂ ಬ್ಯಾರೆ ಕೇಳತೈತಿ ಅಂತಾರ ಸಮಿತಿಯವರು. ಏನರ ಒಂದ ಗುರ್ತು ಹೇಳು ಮಾಯಾ."

"ಆ ಮಾತ ನಮ್ಮತ್ತಿ ಆಡಾಂಗ ಇಲ್ರಿ."

"ಯಾವ ಮಾತು? ಕಟಿಗಿ ಹೇರಿದ್ದು?"

"ಅಲ್ರಿ. ಮದಲನೇ ಮಾತು."

"ಹದಿನೇಳ ನಂಬರ?"

"ಅದರಕಿಂತಾ ಮದಲಿಂದು."

"ಬಾಯಿ ಬಿಟ್ಟ ಹೇಳವಾ."

ಮಾಯಾ ಸೆರಗನ್ನು ಬಾಯಿಗೊತ್ತಿಕೊಂಡಳು. "ನಾ ಹ್ಯಾಂಗ ಹೇಳ್ಲಿರಿ? ನನಗೂ ಬರಾಂಗಿಲ್ಲ."

ಅವಳು ಕೂಸನ್ನು ಒಂದು ಕೈಗೆ ತೆಗೆದುಕೊಂಡು ಮೇಜಿನ ಮೇಲಿದ್ದ ಫಾರ್ಮನ್ನು ಎಳೆದುಕೊಂಡಳು. ಮೇಲೆ ಅಚ್ಚಾಗಿದ್ದ 'ಬೀರೇಶ್ವರ ನಗರ' ಎಂಬಲ್ಲಿ 'ನಗರ'ವನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದದ್ದರ ಮೇಲೆ ಕಿರುಬೆರಳು ಇಟ್ಟಳು. ಆಮೇಲೆ ಅದೇ ಬೆರಳನ್ನು ಕೆಳಗಿನ ಸಾಲಿಗೆ ತಂದಳು. ಗಂಡನ ಹೆಸರು: ಬೀರಪ್ಪ.

ಅನುರಾಧಾಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

ಗಂಡನ ಹೆಸರೇ ದೇವರ ಹೆಸರು. ದೇವರ ಹೆಸರೇ ನಗರದ ಹೆಸರು. ಹೆಂಡತಿಯಾದವಳು ಅದನ್ನು ಆಡುವಂತಿಲ್ಲ, ಸೊಸೆಯಾದವಳೂ ಆಡುವಂತಿಲ್ಲ. ಬೀರಪ್ಪ ಸತ್ತು ಆರು ವರ್ಷವಾಗಿದ್ದರೂ ಅವನ ಹೆಸರು ಆ ಮನೆಯಲ್ಲಿ ಇನ್ನೂ ಯಜಮಾನಿಕೆ ಮಾಡುತ್ತಿತ್ತು.

"ಹಂಗಾರ ನಿಮ್ಮತ್ತಿ ದೇವರಿಗೆ ಏನಂತಿದ್ರು?"

"ದೊಡ್ಡದ್ಯಾವರು ಅಂತಿದ್ಲು. ನಮ್ಮ ಕಾಲನಿಗೆ ದೊಡ್ಡದ್ಯಾವರ ನಗರ. ಹಣಿಗೆ ಭಂಡಾರ ಹಚ್ಚಿಕೊಳ್ಳಾಗ ಸುದ್ದಾ ಹೆಸರ ತಗದಾಕಿ ಅಲ್ಲ. ಸಿ.ಡಿ.ಯಾಗ ಎರಡೆರಡ ಸಲ ತಗೀತಾಳೇನ್ರಿ?"

"ಮತ್ತ ಇದು ಯಾರ ದನಿ?"

ಮಾಯಾ ತಟ್ಟನೆ ಕೂಸಿನ ಕುಲಾಯಿ ಸರಿಮಾಡಿದಳು. "ಗೊತ್ತಿಲ್ರಿ. ಆಗ ನಾ ಬಾಣಂತನಕ್ಕ ಹಿಪ್ಪರಗ್ಯಾಗ ತವರಮನ್ಯಾಗ ಇದ್ನಿ."

ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿದ್ದಳು. ಇವಳಿಗೆ ಗೊತ್ತಿದೆ ಎಂದು ಅನುರಾಧಾಳಿಗೆ ಅನ್ನಿಸಿತು.

ಮಾಯಾ ಹೋದ ಮೇಲೆ ನಗು ಬಂತು, ನಗುವಿನ ಹಿಂದೆಯೇ ನಾಚಿಕೆಯೂ. ಬಿ.ಎ. ಓದಿದವಳು ತಾನು. ಹದಿನೆಂಟು ವರ್ಷದಿಂದ 'ನಮ್ಮ ಮನೆಯವರು' ಎಂದೇ ಅನ್ನುತ್ತ ಬಂದಿದ್ದಾಳೆ. ಮೊಬೈಲಿನಲ್ಲೂ ಆ ನಂಬರು 'ಮನೆಯವರು' ಎಂದೇ ಇದೆ. ಮದುವೆಯ ದಿನ ಒಡಪು ಕಟ್ಟಿ, ಪ್ರಾಸದ ನಡುವೆ ಬಚ್ಚಿಟ್ಟು ಒಮ್ಮೆ ಹೇಳಿದ ಹೆಸರು, ಆಮೇಲೆ ಬೇಕಾಗಿರಲಿಲ್ಲ. ನಂಬಿಕೆಯಲ್ಲ, ರೂಢಿ, ಎಂದು ಯಾರಾದರೂ ಕೇಳಿದರೆ ಹೇಳಬಹುದಿತ್ತು. ಯಾರೂ ಕೇಳಿರಲಿಲ್ಲ.

ಎದ್ದು ಬಾಡಿಗೆದಾರರ ಅಹವಾಲು ಪುಸ್ತಕವನ್ನು ಕಪಾಟಿನಿಂದ ಎಳೆದಳು. ಅದರ ರಟ್ಟಿನ ಮೇಲೆ ನಿಯಮ ಅಂಟಿಸಿತ್ತು: 'ಹೇಳಿದವರ ಮಾತನ್ನು ಹೇಳಿದಂತೆಯೇ ಬರೆಯತಕ್ಕದ್ದು.' ಬಿಲ್ ಕಲೆಕ್ಟರ್ ಚನಮಲ್ಲಪ್ಪ ಆ ನಿಯಮವನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದ.

'ಅನಸವ್ವ, ೧೭ನೇ ಮನೆ, ದೊಡ್ಡದೇವರ ನಗರ. ಛತ್ತಿನಿಂದ ಉಸುಕು ಉದುರುತ್ತದೆ.'

'ಅನಸವ್ವ, ೧೭ನೇ ಮನೆ, ದೊಡ್ಡದೇವರ ನಗರ. ಛತ್ತಿನ ಸರಳು ಕಾಣುತ್ತದೆ.'

'ಅನಸವ್ವ, ದೊಡ್ಡದೇವರ ನಗರ. ಕಸಬರಿಗೆ ತಾಗಿದರೂ ಹೆಂಟೆ ಬೀಳುತ್ತದೆ. ಸೊಸೆ ಬಸುರಿ ಇದ್ದಾಳೆ.'

ಹನ್ನೊಂದು ಅರ್ಜಿ, ಹದಿನಾಲ್ಕು ತಿಂಗಳಲ್ಲಿ. ಹನ್ನೊಂದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಷರಾ: 'ಈ ಹೆಸರಿನ ನಗರ ನಮ್ಮ ವ್ಯಾಪ್ತಿಯಲ್ಲಿ ಇರುವುದಿಲ್ಲ. ವಿಳಾಸ ಸರಿಪಡಿಸಿ ಮರುಸಲ್ಲಿಸುವುದು.'

ಇಡೀ ಕೆಂಗುಂಡಿಯಲ್ಲಿ ಪಂಚಾಯಿತಿಯ ಬಾಡಿಗೆ ಮನೆಗಳಿರುವುದು ಒಂದೇ ಕಾಲನಿಯಲ್ಲಿ. ಹದಿನೇಳನೇ ನಂಬರಿನ ಮನೆ ಯಾವುದೆಂದು ಚಹಾ ತರುವವನಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರಲು ಒಂದು ನೆಪ ಬೇಕಿತ್ತು. ಗಂಡನ ಮೇಲೆ ಮರ್ಯಾದೆ ಇಟ್ಟ ಹೆಂಗಸು ಅದನ್ನು ತಾನಾಗಿ ತಂದುಕೊಟ್ಟಿದ್ದಳು.

ನಾಲ್ಕನೆಯ ಮತ್ತು ಒಂಬತ್ತನೆಯ ಷರಾದ ಕೆಳಗೆ ಹಸಿರು ಶಾಯಿಯಲ್ಲಿ ಒಂದು 'ಅ' ಇತ್ತು. ಬಾಲವನ್ನು ಮೇಲಕ್ಕೆ ಸುತ್ತಿದ 'ಅ'. ಹಾಗೆ ಸುತ್ತುವವಳು ಆ ಆಫೀಸಿನಲ್ಲಿ ಒಬ್ಬಳೇ.

ಅನುರಾಧಾ ತನ್ನದೇ ಸಹಿಯನ್ನು ನೋಡುತ್ತ ಕೂತಳು. ಯಾವತ್ತು ಹಾಕಿದ್ದು? ನೆನಪಿರಲಿಲ್ಲ. ನೆನಪಿಲ್ಲದಿರುವುದೇ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿತು.

"ಮುಗೀತೇನ್ರಿ ವರದಿ?"

ಬಾಗಿಲಲ್ಲಿ ಸಾವಿತ್ರೆವ್ವ ನಿಂತಿದ್ದಳು. ವಾರ್ಡಿನ ಸದಸ್ಯೆ, ಮೇಲ್ವಿಚಾರಣಾ ಸಮಿತಿಯ ಅಧ್ಯಕ್ಷೆ. ಕಾಲನಿಯ ಮನೆಗಳನ್ನು ಗುತ್ತಿಗೆ ಹಿಡಿದು ಕಟ್ಟಿಸಿದವನು ಆಕೆಯ ಅಳಿಯ, ಮಗಳು ಪ್ರೀತಿಯ ಗಂಡ. ಕಟ್ಟಿದವರ ಮನೆಯವರೇ ಕಟ್ಟಿದ್ದನ್ನು ನೋಡಿಕೊಳ್ಳುವುದು ಊರಿಗೆ ತಪ್ಪಾಗಿ ಕಂಡಿರಲಿಲ್ಲ.

"ಇನ್ನೂ ಎರಡ ದಿನ ಐತಲ್ರಿ."

"ಸತ್ತಾಕಿ ತನ್ನ ಬಾಯಿಲೆ ತಾನ ಹೇಳ್ಯಾಳ. ಇನ್ನೇನ ಬೇಕ್ರಿ? ಕೈಲಾಸಕ್ಕ ಹೋಗಿ ಇನ್ನೊಮ್ಮೆ ಕೇಳಿ ಬರ್ತೀರೇನು?"

"ಧ್ವನಿಮುದ್ರಣ ಮಾಡಿದವರ ಹೆಸರಿನ ಕಾಲಮ್ಮು ಖಾಲಿ ಐತ್ರಿ."

"ಹೇಳಿಕಿ ತಗೊಳ್ಳಾಗ ಚನಮಲ್ಲಪ್ಪ ಮಾಡ್ಯಾನ, ತನ್ನ ಮೊಬೈಲಿನ್ಯಾಗ. ಈಗ ಬೀಳಗಿಗೆ ವರ್ಗ ಆಗಿ ಹೋದ. ಅವನ ಹೆಸರ ತುಂಬಕೋರಿ." ಸಾವಿತ್ರೆವ್ವ ಹೊರಟವಳು ತಿರುಗಿದಳು. ಮುಖದಲ್ಲಿ ಒಮ್ಮೆಲೇ ಅಕ್ಕರೆ. "ನಿಮ್ಮ ಮನಿಯವರು ಆರಾಮ ಅದಾರಲ್ರಿ? ನಮ್ಮ ಪ್ರೀತಿ ಮದವಿ ವಿಡಿಯೋ ಏನ ಮಾಡ್ಯಾರ್ರಿ! ಬೀಗರು ಎಷ್ಟ ಜಗಳಾಡಿದ್ರು ಅವತ್ತು. ಕ್ಯಾಸೆಟ್ಟಿನ್ಯಾಗ ಒಂದ ಮಾತ ಹುಡುಕಿದ್ರೂ ಸಿಗಾಂಗಿಲ್ಲ."

ಮುಧೋಳದ ಬಸ್‌ಸ್ಟ್ಯಾಂಡಿನ ಎದುರಿಗೆ ಮನೆಯವರ ವಿಡಿಯೋ ಸ್ಟುಡಿಯೋ, ಅದರ ಹಿಂದೆಯೇ ಮನೆ. ಕತ್ತರಿಸಿದ್ದು ಗೊತ್ತಾಗಬಾರದು, ಅದೇ ಕೆಲಸ, ಎನ್ನುತ್ತಿದ್ದರು ಮನೆಯವರು. ಅನುರಾಧಾ ಆ ಹೊತ್ತಿಗೆ ಸುಮ್ಮನೆ ನಕ್ಕು ತಲೆಯಾಡಿಸಿದಳು.

*

ನಾಲ್ಕೂವರೆಗೆ ಟಂಟಂ ಇಳಿದು ಕಾಲನಿಗೆ ನಡೆದಳು. ಕಬ್ಬಿನ ಟ್ರ್ಯಾಕ್ಟರುಗಳ ಧೂಳಿನಲ್ಲಿ ನಾಮಫಲಕ ಅರ್ಧ ಮುಚ್ಚಿತ್ತು. ಮೊಬೈಲಿನ ಸಿಗ್ನಲ್ಲು ಎರಡು ಗೀಟಿಗೆ ಇಳಿದು, ಆಮೇಲೆ ಒಂದಕ್ಕೆ ಬಂತು. ಹೊಳೆಯ ನೀರು ಊರೊಳಗೆ ಬಂದಾಗ ಕುರಿಗಳೊಂದಿಗೆ ಮೇಲೆ ಬಂದ ಕುಟುಂಬಗಳು ಇವು. ಹತ್ತು ವರ್ಷ ಬಾಡಿಗೆಗಿದ್ದರೆ ಹಕ್ಕುಪತ್ರ ಎಂದು ಪಂಚಾಯಿತಿ ಮಾತು ಕೊಟ್ಟಿತ್ತು.

ದಾರಿಯಲ್ಲಿ ಒಂದೇ ಯೋಚನೆ. ಆ ಹೆಸರನ್ನು ಹೆಂಡತಿ ಆಡುವುದಿಲ್ಲ, ಸೊಸೆ ಆಡುವುದಿಲ್ಲ. ಅದನ್ನು ಚಿಕ್ಕಂದಿನಿಂದ ನಾಲಗೆಯ ಮೇಲೆ ಇಟ್ಟುಕೊಂಡು ಬೆಳೆದ, ಕರೆದು ಬೈದು ಜಗಳಾಡಿದ ಹೆಂಗಸು ಒಬ್ಬಳೇ ಇರಲು ಸಾಧ್ಯ. ಬೆನ್ನಿಗೆ ಹುಟ್ಟಿದವಳು. ಮಾಯಾ ಗಂಡನ ಸೋದರತ್ತೆಯ ಕಡೆ ಬೆರಳು ತೋರಿಸುವಳೇ?

ಹದಿನೇಳನೇ ಮನೆಯ ಮೇಲೆ ಈಗ ಆಕಾಶವಿತ್ತು. ಹದಿನೆಂಟರ ಕಟ್ಟೆಯ ಮೇಲೆ ಸೋಮವ್ವ ಕಂಬಳಿ ಹಾಸಿಕೊಂಡು ಉಣ್ಣೆ ನೂಲುತ್ತಿದ್ದಳು. ಬೀರಪ್ಪನ ತಂಗಿ, ಗಂಡ ಸತ್ತ ಮೇಲೆ ಅಣ್ಣನ ನೆರಳಿಗೆ ಬಂದವಳು. ಹೆಣದ ಮುಂದೆ ಎಲ್ಲರಿಗಿಂತ ಹೆಚ್ಚು ಎದೆ ಬಡಿದುಕೊಂಡು ಅತ್ತವಳು.

"ಬರ್ರಿ ಅಕ್ಕಾರ. ಒಳಗ ಕರಿಯಾಂಗಿಲ್ಲ ಮತ್ತ. ಒಳಗ ಕುಂತವರಿಗೆ ಪಂಚಾಯ್ತಿ ಜವಾಬ್ದಾರಿ ಇಲ್ಲಂತ."

ಅನುರಾಧಾ ಕಟ್ಟೆಯ ಮೇಲೆ ಕೂತಳು. "ಸೋಮವ್ವಾ, ನಿಮ್ಮಣ್ಣನ ಹೆಸರ ಏನಿತ್ತು?"

"ಬೀರಪ್ಪ," ಎಂದಳು ಸೋಮವ್ವ. ಕದಿರು ಎರಡು ಸುತ್ತು ತಿರುಗಿತು. ಆಮೇಲೆ ನಿಂತಿತು.

ಅದೇ ಗೊಗ್ಗರು. ಅದೇ 'ರ'ಕಾರದ ಒರಟು.

"ಸಿ.ಡಿ.ಯೊಳಗಿಂದು ನಿಮ್ಮ ದನಿ," ಎಂದಳು ಅನುರಾಧಾ. ತನಗೇ ಗೊತ್ತಿಲ್ಲದ ಕಹಿ ಬಾಯಿಗೆ ಬಂತು. "ಬಾಜೂ ಮನಿಯಾಕಿ. ಅಣ್ಣನ ಹೇಂತಿ. ಅಕಿನ ಸಾವಿಗೆ ಅಕಿನ್ನ ಹೊಣಿ ಮಾಡಾಕ ದನಿ ಕೊಟ್ರಿ. ಏನ ಸಿಕ್ತು? ಹಕ್ಕುಪತ್ರ?"

"ಏನೈತಿ ಅದರಾಗ?" ಸೋಮವ್ವನ ಮುಖ ಕದಲಲಿಲ್ಲ. "ನನಗ ಯಾರೂ ಕೇಳಿಸಿಲ್ಲ. ಹೇಳ್ರಿ."

ಅನುರಾಧಾ ಬರೆದುಕೊಂಡಿದ್ದ ಚೀಟಿ ತೆಗೆದು ಓದಿದಳು. ಮನಿ ಗಟ್ಟಿ ಐತಿ. ಛತ್ತಿನ ಮ್ಯಾಲೆ ನಾವ ಕಟಿಗಿ ಹೇರೇವಿ. ಪಂಚಾಯ್ತಿದು ಏನೂ ತಪ್ಪಿಲ್ಲ.

"ಇನ್ನೊಮ್ಮೆ."

ಇನ್ನೊಮ್ಮೆ ಓದಿದಳು.

"ಅಂತ ಎಲ್ಲಿ ಹೋತು?" ಎಂದಳು ಸೋಮವ್ವ.

"ಏನು?"

"ಅಂತ, ಅಂತ! ಮಾತಿನ ಕಡೀಕ ಅಂತ ಅಂದಿದ್ನಲ್ಲ, ಅದೆಲ್ಲಿ ಹೋತು?" ಅವಳು ಕದಿರನ್ನು ಕಂಬಳಿಯ ಮೇಲೆ ಎಸೆದಳು. "ಮನಿ ಗಟ್ಟಿ ಐತಿ ಅಂತ ಬರಕೊಂಡ ಹೋದ್ರಲ್ಲ, ಬಂದ ಒಂದ ದಿನ ಮಲಗಿ ನೋಡ್ರಿ ಅಂದೆ. ಛತ್ತಿನ ಮ್ಯಾಲೆ ನಾವ ಕಟಿಗಿ ಹೇರೇವಿ ಅಂತ ಸುಳ್ಳ ಹೇಳ್ತೀರಿ, ಹತ್ತಿ ನೋಡ್ರಿ ಅಂದೆ. ಪಂಚಾಯ್ತಿದು ಏನೂ ತಪ್ಪಿಲ್ಲ ಅಂತ ಭಂಡಾರ ಮುಟ್ಟಿ ಆಣಿ ಮಾಡ್ರಿ ಅಂದೆ. ಹಿಂಗ ಅಂದ್ನಿ ನಾನು!"

ಪ್ರತಿ ಮಾತಿನ ಕೊನೆಗೆ ಬೇಗ ಮುಗಿದ ಉಸಿರು. ಅಂಜಿಕೆಯಲ್ಲ ಅದು. ಕತ್ತರಿ.

"ಅನಸವ್ವ ಎಲ್ಲಿದ್ಲು ಆಗ?"

"ಎಲ್ಲಿರ್ತಾಳ? ನನ್ನ ಬಾಜೂಕ ಕುಂತಿದ್ಲು. ನನ್ನ ಕರಕೊಂಡ ಬಂದಾಕಿನ ಅಕಿ." ಸೋಮವ್ವ ಮೂಗು ಒರೆಸಿಕೊಂಡಳು. "ಹನ್ನೊಂದ ಸಲ ಹೇಳೇನಿ ಸೋಮಿ, ಹೆಸರ ಸರಿ ಇಲ್ಲ ಅಂತ ಹೊಳ್ಳಿ ಕಳಿಸ್ಯಾರ. ನನಗ ಆ ಹೆಸರ ಬರಾಂಗಿಲ್ಲ. ನಿನ್ನ ಅಣ್ಣನ ಹೆಸರು, ನಿನಗ ಬರತೈತಿ. ನನ್ನ ಪರವಾಗಿ ನೀ ಹೇಳವಾ, ಅಂದ್ಲು. ನಾ ಅಕಿ ಆಗಿ ಹೇಳಿದ್ನಿ. ಅಕಿ ಬಾಜೂಕ ಕುಂತ ಹೂಂ ಹೂಂ ಅಂದ್ಲು."

ಕಳ್ಳಿಯನ್ನು ಹಿಡಿದೆನೆಂದು ಬಂದಿದ್ದಳು ಅನುರಾಧಾ. ಇಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ನಾಲಗೆಯನ್ನು ಕಡ ಕೊಟ್ಟಿದ್ದಳು, ಅಷ್ಟೇ. ಹಸಿರು ಶಾಯಿಯ 'ಅ' ಕಣ್ಣ ಮುಂದೆ ಬಂತು. ಅದನ್ನು ಸೋಮವ್ವನಿಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ.

"ಇಷ್ಟ ದಿನ ಯಾಕ ಸುಮ್ನಿದ್ರಿ?"

"ಮಣ್ಣ ಮಾಡಿ ಬಂದ ಮರುದಿನಾನ ಸಾವಿತ್ರೆವ್ವ ಬಂದಿದ್ಲು. ಬ್ಯಾರೆಯವರ ಹೆಸರ ಹೇಳಿ ದನಿ ಕೊಟ್ಟೀದಿ, ಬಾಯಿ ಬಿಟ್ರ ಕೇಸ ಆಗತೈತಿ, ಹದಿನೆಂಟ ನಂಬರ ಕೀಲಿನೂ ತಗೋತೇವಿ ಅಂದ್ಲು." ಸೋಮವ್ವ ತಲೆ ಎತ್ತಿ ಒಳಗಿನ ಛತ್ತು ತೋರಿಸಿದಳು. ಅಲ್ಲಿಯೂ ಸಿಮೆಂಟು ಕಳಚಿ ತುಕ್ಕು ಹಿಡಿದ ಸರಳು ಕಾಣುತ್ತಿತ್ತು. "ಇದೂ ಬೀಳತೈತಿ. ಗೊತ್ತೈತಿ ನನಗ. ಆದ್ರ ಬೀಳೂತನಕಾ ಛತ್ತಲ್ರಿ ಅಕ್ಕಾರ?"

ಅನುರಾಧಾ ಚೀಲದಿಂದ ಫಾರ್ಮು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. 'ಧ್ವನಿಮುದ್ರಣ ಮಾಡಿದವರ ಹೆಸರು' ಎಂಬ ಕಾಲಮ್ಮಿನ ಮೇಲೆ ಪೆನ್ನು ಇಟ್ಟಳು.

"ಮೊಬೈಲ ಹಿಡದಿದ್ದು ಚನಮಲ್ಲಪ್ಪನ?"

"ಮೊಬೈಲಲ್ಲ. ಕ್ಯಾಮರಾ. ಚನಮಲ್ಲಪ್ಪ ಕುರ್ಚಿ ತಂದಿದ್ದಾ, ಅಷ್ಟ."

"ಕ್ಯಾಮರಾ ಯಾರದು? ಹೆಸರ ಹೇಳ್ರಿ."

ಸೋಮವ್ವ ಅವಳ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟು ಇಳಿದು ಬೇರೇನೋ ಬಂದಿತ್ತು. ಕನಿಕರ ಎನ್ನಬಹುದಾದರೆ ಅದು ಕನಿಕರ.

"ನಮ್ಮ ಅನಸಿ ಮಗ ಯಲ್ಲಾಲಿಂಗನ ಮದವಿಗೆ ಬಂದವರ ಇದಕ್ಕೂ ಬಂದಿದ್ರು. ಮಾಯಾ ಒಡಪ ಹಾಕಾಕ ನಾಚಿಕೊಂಡ್ರ ಅವರು ಬಿಟ್ಟಾರೇನು? 'ಹೆಸರ ಹೇಳವಾ, ಹೆಸರ ಹೇಳವಾ, ಕ್ಯಾಸೆಟ್ಟ ಓಡಾಕತ್ತೈತಿ' ಅಂತ ಎಲ್ಲಾರನ್ನೂ ನಗಿಸಿದ್ರು."

ಅನುರಾಧಾಳ ಕಿವಿಯಲ್ಲಿ ಆ ಮಾತು ಮೊದಲೇ ಇತ್ತು. ಹದಿನೆಂಟು ವರ್ಷದಿಂದ ಸ್ಟುಡಿಯೋದ ಗೋಡೆಯಾಚೆಯಿಂದ, ನೂರಾರು ಮದುವೆಗಳ ಗದ್ದಲದ ನಡುವಿನಿಂದ ಕೇಳಿಬರುತ್ತಿದ್ದ ಮಾತು. ಅವಳ ಸ್ವಂತ ಮದುವೆಯಲ್ಲೂ, ಕ್ಯಾಮರಾವನ್ನು ಗೆಳೆಯನ ಕೈಗೆ ಕೊಟ್ಟು, ಮದುಮಗನೇ ಆಡಿದ್ದ ಮಾತು. ಕಳೆದ ತಿಂಗಳು ಮನೆಯವರು ಎರಡು ದಿನ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದರು. ಏನದು ಎಂದರೆ, ಮದುವೆ ಕೆಲಸ ಎಂದಿದ್ದರು.

"ಗೊತ್ತಾತಲ್ರಿ," ಎಂದಳು ಸೋಮವ್ವ. "ನಾ ಹೇಳತೇನಿ, ನನಗೇನ ಅಡ್ಡಿ ಇಲ್ಲ. ಆದ್ರ ಬರಿಯಾಕಿ ನೀವು. ನಮ್ಮ ಅನಸಿಗೆ ಒಂದ ಹೆಸರ ಬರಲಿಲ್ಲ, ಛತ್ತ ಬಿತ್ತು. ನಿಮಗ ಬರತೈತೇನ್ರಿ?"

ಪೆನ್ನು ಕಾಲಮ್ಮಿನ ಮೇಲೆಯೇ ನಿಂತಿತ್ತು. 'ನಮ್ಮ ಮನೆಯವರು' ಎಂದು ಬರೆದರೆ ಪಂಚಾಯಿತಿಯವರು ಪಕ್ಕದಲ್ಲಿ ಏನು ಬರೆಯುತ್ತಾರೆಂದು ಅವಳಿಗೆ ಗೊತ್ತಿತ್ತು. ಈ ಹೆಸರಿನವರು ನಮ್ಮ ವ್ಯಾಪ್ತಿಯಲ್ಲಿ ಇರುವುದಿಲ್ಲ.

ಆಗ ಇನ್ನೊಂದು ನೆನಪಾಯಿತು. ಮನೆಯವರು ಅಸಲು ಕ್ಯಾಸೆಟ್ಟನ್ನು ಎಂದೂ ಅಳಿಸುವವರಲ್ಲ. ಎಷ್ಟು ಕತ್ತರಿಸಿದರೂ ಅಸಲು ಕಪಾಟಿನಲ್ಲಿ ತಾರೀಖು ಹಚ್ಚಿಸಿಕೊಂಡು ಕೂತಿರುತ್ತದೆ. ಅನಸವ್ವ ಬದುಕಿದ್ದಾಳೆ ಅದರಲ್ಲಿ. ನಾದಿನಿಯ ಪಕ್ಕದಲ್ಲಿ ಕೂತು ಹೂಂ ಎನ್ನುತ್ತಿದ್ದಾಳೆ. ಪ್ರತಿ ಮಾತಿನ ಹಿಂದೆಯೂ 'ಅಂತ' ಇದೆ.

ಮೊಬೈಲು ಬಡಿದುಕೊಂಡಿತು. ಪರದೆಯ ಮೇಲೆ 'ಮನೆಯವರು'. ಸಿಗ್ನಲ್ಲು ಒಂದೇ ಗೀಟು.

"ಎಲ್ಲಿ ಅದಿ?" ದನಿ ಒಣಗಿತ್ತು. "ಸಾವಿತ್ರೆವ್ವಾರು ಮನಿಗೆ ಬಂದಾರ. ಒಂದ ಹಳೇ ಕ್ಯಾಸೆಟ್ಟ ಬೇಕಂತ." ಹಿನ್ನೆಲೆಯಲ್ಲಿ ಸಾವಿತ್ರೆವ್ವನ ನಗು, ಕಪ್ಪು-ಬಸಿಯ ಸದ್ದು. "ಅನು, ತಗದ ಕೊಡಲೇನು?"

ಅವರು ಎಂದೂ ಅವಳನ್ನು ಕೇಳಿ ಏನನ್ನೂ ಮಾಡಿದವರಲ್ಲ. ಇವತ್ತು ಕೇಳುತ್ತಿದ್ದರು. ಬೇಡ ಎನ್ನಲು ಅವರಿಗೆ ಇನ್ನೊಬ್ಬರ ನಾಲಗೆ ಬೇಕಾಗಿತ್ತು.

"ಹೆಸರ ಹಿಡದ ಹೇಳ್ರಿ ಅಕ್ಕಾರ," ಎಂದಳು ಸೋಮವ್ವ ಮೆಲ್ಲಗೆ. "ಹೆಸರ ಹಿಡೀಲಾರದ ಮಾತು ಮುಟ್ಟಾಂಗಿಲ್ಲ."

ಅನುರಾಧಾ ಮೊಬೈಲನ್ನು ಬಾಯಿಗೆ ಹತ್ತಿರ ತಂದಳು.

"ಶಿವಯೋಗಿ," ಎಂದಳು. ಆಚೆ ನಗು ಕೂಡ ನಿಂತಿತು. "ಆ ಕ್ಯಾಸೆಟ್ಟ ಅವರಿಗೆ ಕೊಡಬ್ಯಾಡ್ರಿ."

ಕಿವಿಯಿಂದ ತೆಗೆದು ನೋಡಿದಳು. ಕರೆ ಮುಗಿದಿತ್ತು. ಆ ಒಂದು ಗೀಟೂ ಇರಲಿಲ್ಲ. ಯಾವಾಗ ಹೋಯಿತು? ಹೆಸರು ಮುಟ್ಟಿದ್ದು ಖರೆ; ಆ ಮೌನವನ್ನು ಅವಳು ಕೇಳಿದ್ದಳು. ಆಮೇಲಿನ ಮಾತು ಎಲ್ಲಿಯವರೆಗೆ ಹೋಯಿತು? 'ಬ್ಯಾಡ್ರಿ'ಯವರೆಗೋ, ಬರೀ 'ಕೊಡ' ಎಂಬಲ್ಲಿಗೋ?

ಸೋಮವ್ವ ಬಾಗಿ, ಕತ್ತಲಾದ ಪರದೆಯನ್ನೇ ನೋಡಿದಳು.

"ಪೂರಾ ಹೋತೇನ್ರಿ ಮಾತು?"